ಡಬ್ಬಿ ಕಿತ್ತರೆ ಹೊಗೆ ಹೋಗುವುದೆಲ್ಲಿಗೆ?



ದೊಡ್ಡ ನಗರಗಳಲ್ಲಿ ಹತ್ತು ಹದಿನೈದು ವರ್ಷ ಓಡಿದ ಎಷ್ಟೋ ಪೆಟ್ರೋಲ್ ಕಾರುಗಳು ಕೊನೆಗೆ ರೋಣ, ನರಗುಂದ, ಗಜೇಂದ್ರಗಡದಂತಹ ಊರುಗಳ ಅಂಗಳ ಸೇರುತ್ತವೆ. ಹೊಸ ಕಾರಿನ ಬೆಲೆ ಭರಿಸಲಾಗದ ಕುಟುಂಬಕ್ಕೆ ಅದು ಅನುಕೂಲವೇ; ಅದರಲ್ಲಿ ತಪ್ಪೇನೂ ಇಲ್ಲ. ಆದರೆ ಅಂತಹ ಕಾರು ಎಳೆತ ಕಳೆದುಕೊಂಡಾಗ ಕೇಳಿಬರುವ ಒಂದು ಸಲಹೆಯನ್ನು ವಿಚಾರಿಸಿ ನೋಡಬೇಕಾಗಿದೆ: “ಸೈಲೆನ್ಸರ್ ಮುಂದಿನ ಡಬ್ಬಿ ಕಿತ್ತು ನೇರ ಪೈಪ್ ಹಚ್ಚಿದರ ಗಾಡಿ ಹಗುರಾಗಿ ಓಡತೈತಿ.”

ಆ ಡಬ್ಬಿಯ ಹೆಸರು ಕ್ಯಾಟಲಿಟಿಕ್ ಕನ್ವರ್ಟರ್. ಅದರೊಳಗೆ ಜೇನುಗೂಡಿನಂತೆ ಸಣ್ಣ ರಂಧ್ರಗಳುಳ್ಳ ಪಿಂಗಾಣಿಯ ತುಂಡು ಇರುತ್ತದೆ. ಅದಕ್ಕೆ ಪ್ಲಾಟಿನಂ, ಪಲ್ಲಾಡಿಯಂ, ರೋಡಿಯಂ ಲೋಹಗಳ ತೆಳುಲೇಪನವಿದೆ. ಕಾದ ಹೊಗೆ ಇದರೊಳಗೆ ಹಾಯುವಾಗ ವಿಷಕಾರಿ ಕಾರ್ಬನ್ ಮಾನಾಕ್ಸೈಡ್ ಇಂಗಾಲದ ಡೈಆಕ್ಸೈಡ್ ಆಗುತ್ತದೆ. ಸುಡದೆ ಉಳಿದ ಇಂಧನದ ಅಂಶ ಇಂಗಾಲದ ಡೈಆಕ್ಸೈಡ್ ಮತ್ತು ನೀರಾಗುತ್ತದೆ. ಸಾರಜನಕದ ಆಕ್ಸೈಡುಗಳು ನಿರಪಾಯಕಾರಿ ಸಾರಜನಕವಾಗುತ್ತವೆ. ಭಾರತದಲ್ಲಿ ಈ ಸಾಧನ 1995ರಲ್ಲಿ ನಾಲ್ಕು ಮಹಾನಗರಗಳ ಹೊಸ ಕಾರುಗಳಿಗೆ ಮೊದಲು ಕಡ್ಡಾಯವಾಯಿತು. ಸೀಸವು ಇದರ ಲೇಪನವನ್ನು ಕೆಡಿಸುವುದರಿಂದ ಸೀಸರಹಿತ ಪೆಟ್ರೋಲೂ ಜೊತೆಗೇ ಬಂದಿತು. 2000ದಲ್ಲಿ ದೇಶದಾದ್ಯಂತ ಸೀಸದ ಪೆಟ್ರೋಲು ನಿಂತಿತು.

ಡಬ್ಬಿ ಕಟ್ಟಿಕೊಂಡರೆ ಕಾರು ಉಸಿರುಗಟ್ಟುವುದು ನಿಜ. ಆದರೆ ಸುಸ್ಥಿತಿಯಲ್ಲಿರುವ ಡಬ್ಬಿ ಹೊಗೆಯನ್ನು ಅಷ್ಟಾಗಿ ತಡೆಯುವುದಿಲ್ಲ. ಎಂಜಿನ್ ಆಯಿಲ್ ಸುಡುತ್ತಿದ್ದರೆ, ಸ್ಪಾರ್ಕ್ ಪ್ಲಗ್ ಸರಿಯಾಗಿ ಕಿಡಿ ಹಾರಿಸದಿದ್ದರೆ, ಪೆಟ್ರೋಲಿಗೆ ಕಲಬೆರಕೆಯಾಗಿದ್ದರೆ ಅದು ಕೆಡುತ್ತದೆ. ಅಂದರೆ ರೋಗ ಎಂಜಿನ್ನಿನದು, ಶಿಕ್ಷೆ ಡಬ್ಬಿಗೆ. ಕಿತ್ತ ಮೇಲೂ ರೋಗ ಉಳಿಯುತ್ತದೆ. ಒಳಗಿನ ಲೋಹಗಳಿಗೆ ಗುಜರಿಯಲ್ಲಿ ಒಳ್ಳೆಯ ಬೆಲೆ ಇದೆಯೆಂಬುದನ್ನೂ ಕಾರಿನ ಒಡೆಯ ಮರೆಯಬಾರದು. ಕೀಳುವ ಸಲಹೆಯಿಂದ ಲಾಭ ಯಾರಿಗೆಂದು ಕೇಳಿಕೊಳ್ಳಬೇಕು.

ಇನ್ನು ನಷ್ಟ ಯಾರಿಗೆ? ಕಾರ್ಬನ್ ಮಾನಾಕ್ಸೈಡಿಗೆ ಬಣ್ಣವಿಲ್ಲ, ವಾಸನೆಯಿಲ್ಲ. ಅದು ರಕ್ತವು ಆಮ್ಲಜನಕ ಹೊರುವ ಶಕ್ತಿಯನ್ನು ಕುಗ್ಗಿಸುತ್ತದೆ. ಶಾಲೆಯ ಮುಂದೆ, ಸಂತೆಯ ಇಕ್ಕಟ್ಟಿನಲ್ಲಿ ಎಂಜಿನ್ ಚಾಲೂ ಇಟ್ಟು ನಿಂತ ಕಾರಿನ ಹೊಗೆ ಮೊದಲು ಸೇರುವುದು ಪಕ್ಕದಲ್ಲಿ ನಿಂತ ಮಕ್ಕಳ, ವ್ಯಾಪಾರಿಗಳ ಎದೆಯನ್ನು.

ಎರಡನೆಯ ನಷ್ಟ ಹೊಲದ್ದು. ಸಾರಜನಕದ ಆಕ್ಸೈಡುಗಳೂ ಸುಡದ ಇಂಧನದ ಆವಿಯೂ ಬಿಸಿಲಿನಲ್ಲಿ ವರ್ತಿಸಿ ನೆಲಮಟ್ಟದ ಓಝೋನ್ ಆಗುತ್ತವೆ. ಆಕಾಶದ ಎತ್ತರದಲ್ಲಿ ರಕ್ಷಕವಾದ ಓಝೋನ್ ಬೆಳೆಯ ಎತ್ತರದಲ್ಲಿ ವಿಷ. ಎಲೆಯ ಪತ್ರರಂಧ್ರಗಳ ಮೂಲಕ ಒಳಹೊಕ್ಕು ಅದು ಆಹಾರ ತಯಾರಿಕೆಯನ್ನು ಕುಗ್ಗಿಸುತ್ತದೆ. ಹೆಸರು ಮತ್ತು ಗೋಧಿ ಇದಕ್ಕೆ ಬೇಗ ಸೋಲುವ ಬೆಳೆಗಳು. ಜೋಳ ಹೆಚ್ಚು ತಾಳಿಕೊಳ್ಳುತ್ತದೆ. ಎಲೆಯ ಮೇಲೆ ಗುರುತೇ ಕಾಣದೆ ಇಳುವರಿ ಇಳಿಯಬಹುದು. ನಾಲ್ಕಾರು ಕಾರುಗಳಿಂದಲೇ ಎರೆಹೊಲ ಬಾಡುತ್ತದೆಂದಲ್ಲ. ಆದರೆ ಹುಬ್ಬಳ್ಳಿ–ವಿಜಯಪುರ ಹೆದ್ದಾರಿ ನರಗುಂದದ ಮೂಲಕವೇ ಹಾಯುತ್ತದೆ. ಗಾಳಿಗೆ ತಾಲ್ಲೂಕಿನ ಗಡಿಯಿಲ್ಲ. ಹನಿಗೂಡಿದರೆ ಹಳ್ಳ.

“ಎಮಿಷನ್ ಟೆಸ್ಟ್ ಪಾಸಾಗಿದೆಯಲ್ಲ” ಎಂಬ ಸಮಾಧಾನವೂ ಪೂರ್ಣವಲ್ಲ. ನಿಂತ ಪೆಟ್ರೋಲ್ ಕಾರಿಗೆ ಮಾಡುವ ಆ ಪರೀಕ್ಷೆ ಸಾರಜನಕದ ಆಕ್ಸೈಡುಗಳನ್ನು ಅಳೆಯುವುದೇ ಇಲ್ಲ. ಕಾನೂನಂತೂ ಸ್ಪಷ್ಟವಾಗಿದೆ: ಮೋಟಾರು ವಾಹನ ಕಾಯ್ದೆಯ 2019ರ ತಿದ್ದುಪಡಿಯಂತೆ, ವಾಯುಮಾಲಿನ್ಯದ ಮಾನದಂಡ ಮೀರಿ ವಾಹನ ಓಡಿಸಿದವರಿಗೆ ಮೂರು ತಿಂಗಳವರೆಗೆ ಸೆರೆ ಅಥವಾ 10,000 ರೂಪಾಯಿವರೆಗೆ ದಂಡ, ಇಲ್ಲವೆ ಎರಡೂ ಉಂಟು.

ಡಬ್ಬಿಯಿಂದ ಬೆಂಕಿ ಹೊತ್ತುತ್ತದೆಂಬ ಅಂಜಿಕೆಗೆ ಮಾತ್ರ ಆಧಾರವಿದೆ. ಅದು ನೂರಾರು ಡಿಗ್ರಿ ಕಾಯುತ್ತದೆ. ರಸ್ತೆಯ ಮೇಲೆ ಒಕ್ಕಣೆಗೆ ಹರವಿದ ಹುರುಳಿಯ ಬಳ್ಳಿ ಅಡಿಗೆ ಸುತ್ತಿಕೊಂಡು ಕಾರುಗಳು ಸುಟ್ಟ ಘಟನೆಗಳು ಕರ್ನಾಟಕದಲ್ಲಿ ನಡೆದಿವೆ. ಡಬ್ಬಿ ಕಿತ್ತರೂ ಹೊಗೆಕೊಳವೆ ಕಾಯುವುದು ತಪ್ಪದು. ಪರಿಹಾರವೆಂದರೆ ರಾಶಿಯನ್ನು ಕಣದಲ್ಲಿಯೇ ಮಾಡುವುದು, ಒಣಹುಲ್ಲಿನ ಮೇಲೆ ಕಾರು ನಿಲ್ಲಿಸದಿರುವುದು, ಶಾಖತಡೆಯ ತಗಡನ್ನು ಕಳಚದಿರುವುದು.

ಆದ್ದರಿಂದ ಕಾರು ಎಳೆಯದಿದ್ದಾಗ ಮೊದಲು ಪ್ಲಗ್, ಏರ್ ಫಿಲ್ಟರ್, ಆಯಿಲ್ ಖರ್ಚು, ಆಕ್ಸಿಜನ್ ಸೆನ್ಸರ್ ಪರೀಕ್ಷಿಸಿರಿ. ಡಬ್ಬಿ ನಿಜಕ್ಕೂ ಕಟ್ಟಿದ್ದರೆ ಆ ಕಾರಿಗೆ ಒಪ್ಪುವ ಇನ್ನೊಂದನ್ನು ಹಾಕಿಸಿರಿ. ಹಳೆಯ ಕಾರು ಕೊಳ್ಳುವಾಗ ಅಡಿಯಲ್ಲಿ ಬಗ್ಗಿ ನೋಡಿ, ಡಬ್ಬಿ ಇದೆಯೇ ಎಂದು ಕೇಳಿರಿ.

2011ರಲ್ಲಿ ಗದಗ ಜಿಲ್ಲೆಯ ಜನ ತೋಂಟದಾರ್ಯ ಮಠದ ಸಿದ್ಧಲಿಂಗ ಸ್ವಾಮಿಗಳೊಡನೆ ನಿಂತು, ಹಳ್ಳಿಗುಡಿಯ ಭೂಮಿಗೆ ಬರಲಿದ್ದ ಪೋಸ್ಕೋ ಉಕ್ಕಿನ ಕಾರ್ಖಾನೆಯನ್ನು ಹಿಂದಿರುಗಿಸಿದರು. ಹೊರಗಿನಿಂದ ಬರುವ ಹೊಗೆಯನ್ನು ತಡೆದ ಜಿಲ್ಲೆಗೆ, ತನ್ನದೇ ಅಂಗಳದಿಂದ ಹೊರಡುವ ಹೊಗೆಯನ್ನು ತಡೆಯುವುದು ಅಸಾಧ್ಯವೇನಲ್ಲ.