ಸಸ್ಯಮೂಲದ ಊಟದಲ್ಲಿ ಹದಿಹರೆಯದ ಮಕ್ಕಳ ಪೋಷಣೆ

(ರೈತರ ತರಬೇತಿ ಶಿಬಿರದಲ್ಲಿ ನೀಡಿದ ಉಪನ್ಯಾಸ)



ಪ್ರತಿಯೊಂದು ಬೆಳೆಗೂ ಸಂದಿಗ್ಧ ಹಂತಗಳಿರುವುದು ಎಲ್ಲರಿಗೂ ತಿಳಿದ ವಿಷಯ. ರಾಗಿ ತೆಂಡೆ ಒಡೆಯುವಾಗ ಮತ್ತು ಹೂ ಬಿಡುವಾಗ ತೇವವಾಗಲಿ ಗೊಬ್ಬರವಾಗಲಿ ಕಡಮೆಯಾದರೆ, ಆಮೇಲೆ ಎಷ್ಟು ಕೊಟ್ಟರೂ ಆ ನಷ್ಟ ಪೂರ್ತಿ ತುಂಬಿ ಬರುವುದಿಲ್ಲ. ಮನುಷ್ಯನ ಬೆಳವಣಿಗೆಯಲ್ಲಿ ಇಂತಹ ಹಂತವೆಂದರೆ 13ರಿಂದ 18 ವರ್ಷದ ವಯಸ್ಸು. ಮಕ್ಕಳು ಎತ್ತರ ಬೆಳೆಯುವುದು, ಮೂಳೆ ಗಟ್ಟಿಯಾಗುವುದು, ಮಾಂಸಖಂಡ ತುಂಬುವುದು ಈ ಅವಧಿಯಲ್ಲಿ. ಹೆಣ್ಣುಮಕ್ಕಳು ಋತುಮತಿಯರಾಗಿ ಪ್ರತಿ ತಿಂಗಳೂ ರಕ್ತ ಕಳೆದುಕೊಳ್ಳಲಾರಂಭಿಸುವುದೂ ಈಗಲೇ. ಈ ವಯಸ್ಸಿನ ಮಕ್ಕಳು ಹಾಲು, ಮೊಟ್ಟೆ, ಮಾಂಸಗಳಿಲ್ಲದೆ ಕೇವಲ ಸಸ್ಯಮೂಲದ ಆಹಾರದಲ್ಲಿ ಆರೋಗ್ಯವಾಗಿ ಬೆಳೆಯಬಲ್ಲರೇ ಎಂಬುದು ಇಂದಿನ ವಿಷಯ.

ಇದು ಯಾರ ಮನೆಯ ಪ್ರಶ್ನೆ?

ಹಾಲು, ತುಪ್ಪ, ಮೊಸರುಗಳನ್ನೂ ಬಿಟ್ಟ ಆಹಾರ ಕ್ರಮಕ್ಕೆ ವೀಗನ್ ಎಂಬ ಹೆಸರು ಬಂದುದು 1944ರಲ್ಲಿ, ಇಂಗ್ಲೆಂಡಿನಲ್ಲಿ. ಪ್ರಾಣಿಗಳ ಮೇಲಿನ ಕರುಣೆಯಿಂದ ಈ ಕ್ರಮವನ್ನು ಅನುಸರಿಸುವ ತರುಣ ತರುಣಿಯರು ಇಂದು ಈ ರಾಜ್ಯದ ಪಟ್ಟಣಗಳಲ್ಲೂ ಇದ್ದಾರೆ. ಕಾಲೇಜಿಗೆಂದು ಪಟ್ಟಣ ಸೇರಿದ ರೈತನ ಮಗಳು ರಜೆಯಲ್ಲಿ ಊರಿಗೆ ಬಂದು "ಅಮ್ಮ, ನನಗೆ ಮಜ್ಜಿಗೆ ಬೇಡ" ಎನ್ನುವುದು ಈಗ ಅಪರೂಪವೇನಲ್ಲ.

ಆದರೆ ಹೆಸರು ಗೊತ್ತಿಲ್ಲದೆಯೇ ಇದೇ ಊಟ ಉಣ್ಣುವ ಮಕ್ಕಳೂ ಹಳ್ಳಿಗಳಲ್ಲಿದ್ದಾರೆ. ಮನೆಯಲ್ಲಿ ಹಸುವಿದ್ದರೂ ಹಾಲೆಲ್ಲ ಡೈರಿಗೆ ಹೋಗುತ್ತದೆ. ಕೋಳಿ ಇದ್ದರೂ ಮೊಟ್ಟೆ ಸಂತೆಗೆ ಹೋಗುತ್ತದೆ. ಬಾಡೂಟ ಹಬ್ಬಕ್ಕೊಮ್ಮೆ, ಜಾತ್ರೆಗೊಮ್ಮೆ. ಮೊದಲನೆಯದು ಮಗು ತಾನಾಗಿ ಆರಿಸಿಕೊಂಡ ಊಟ; ಎರಡನೆಯದು ಯಾರೂ ಆರಿಸದೆ ಬಂದ ಊಟ. ಶರೀರಕ್ಕೆ ಈ ವ್ಯತ್ಯಾಸ ತಿಳಿಯದು. ಆದುದರಿಂದ ಎರಡಕ್ಕೂ ಲೆಕ್ಕಾಚಾರ ಒಂದೇ.

ಸಸಾರಜನಕ

ಹಾಲು ಬಿಟ್ಟರೆ ಶಕ್ತಿ ಎಲ್ಲಿಂದ ಬರುತ್ತದೆ ಎಂಬುದು ತಾಯಂದಿರ ಮೊದಲ ಆತಂಕ. ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿಯ 2020ರ ಶಿಫಾರಸಿನಂತೆ 13ರಿಂದ 15 ವರ್ಷದ ಹುಡುಗಿಗೆ ದಿನಕ್ಕೆ ಸುಮಾರು 43 ಗ್ರಾಂ, ಹುಡುಗನಿಗೆ ಸುಮಾರು 45 ಗ್ರಾಂ ಸಸಾರಜನಕ ಬೇಕು. 16ರಿಂದ 18 ವರ್ಷದ ಹುಡುಗನಿಗೆ ಇದು 55 ಗ್ರಾಂ ಮುಟ್ಟುತ್ತದೆ. ನೂರು ಗ್ರಾಂ ತೊಗರಿಬೇಳೆ ಅಥವಾ ಹುರುಳಿಯಲ್ಲಿ ಸುಮಾರು 21 ಗ್ರಾಂ, ಕಡಲೇಕಾಯಿ ಬೀಜದಲ್ಲಿ 23 ಗ್ರಾಂ, ಅಕ್ಕಿ ಮತ್ತು ರಾಗಿಯಲ್ಲಿ 7ರಿಂದ 8 ಗ್ರಾಂ ಇರುತ್ತದೆ.

ಏಕದಳ ಧಾನ್ಯಗಳ ಸಸಾರಜನಕದಲ್ಲಿ ಲೈಸೀನ್ ಎಂಬ ಅಂಶ ಕಡಮೆ. ಬೇಳೆಕಾಳುಗಳಲ್ಲಿ ಮಿಥಿಯೋನಿನ್ ಎಂಬುದು ಕಡಮೆ. ಒಂದರ ಕೊರತೆಯನ್ನು ಇನ್ನೊಂದು ತುಂಬುತ್ತದೆ. ರಾಗಿ ಹೊಲದಲ್ಲಿ ಅವರೆ, ತೊಗರಿ, ಅಲಸಂದೆಯ ಅಕ್ಕಡಿ ಸಾಲು ಹಾಕುತ್ತಿದ್ದ ಹಿರಿಯರಿಗೆ ಈ ಹೆಸರುಗಳು ಗೊತ್ತಿರಲಿಲ್ಲ. ಆದರೆ ಹೊಲದಲ್ಲಿ ಜೊತೆಯಾಗಿ ಬೆಳೆದದ್ದು ತಟ್ಟೆಯಲ್ಲೂ ಜೊತೆಯಾಗುತ್ತಿತ್ತು. ಮುದ್ದೆಯ ಜೊತೆ ತಿಳಿ ಸಾರಷ್ಟೇ ಇದ್ದರೆ ಸಾಲದು. ಕಾಳು ತಟ್ಟೆಯಲ್ಲಿ ಕಣ್ಣಿಗೆ ಕಾಣುವಷ್ಟಿರಬೇಕು.

ಸುಣ್ಣಾಂಶ

ಈ ವಯಸ್ಸಿನಲ್ಲಿ ದಿನಕ್ಕೆ ಸುಮಾರು 1000 ಮಿಲಿಗ್ರಾಂ ಸುಣ್ಣಾಂಶ ಬೇಕು. ಹಾಲಿಲ್ಲದ ಮನೆಯಲ್ಲಿ ಇದರ ಲೆಕ್ಕ ಸೀಮೆಯಿಂದ ಸೀಮೆಗೆ ಬೇರೆಯಾಗುತ್ತದೆ. ನೂರು ಗ್ರಾಂ ಹಸುವಿನ ಹಾಲಿನಲ್ಲಿ 118 ಮಿಲಿಗ್ರಾಂ ಸುಣ್ಣಾಂಶವಿದ್ದರೆ ಅಷ್ಟೇ ರಾಗಿಯಲ್ಲಿ 364 ಮಿಲಿಗ್ರಾಂ ಇದೆ. ರಾಗಿ ಉಣ್ಣುವ ಸೀಮೆಯ ಮಕ್ಕಳಿಗೆ ಇದು ದೊಡ್ಡ ಅನುಕೂಲ. ಆದರೆ ಜೋಳದಲ್ಲಿರುವುದು 28 ಮಿಲಿಗ್ರಾಂ ಮಾತ್ರ. ಪಾಲಿಷ್ ಮಾಡಿದ ಅಕ್ಕಿಯಲ್ಲಂತೂ 8 ಮಿಲಿಗ್ರಾಂ ಸಹ ಇರುವುದಿಲ್ಲ.

ಆದುದರಿಂದ ರೊಟ್ಟಿ ಉಣ್ಣುವ ಉತ್ತರ ಕರ್ನಾಟಕದಲ್ಲಿ ಮತ್ತು ಅನ್ನ ಉಣ್ಣುವ ಮಲೆನಾಡು, ಕರಾವಳಿಗಳಲ್ಲಿ ಹಾಲು ಬಿಟ್ಟ ಮಗುವಿಗೆ ಸುಣ್ಣಾಂಶದ ಬೇರೆ ಮೂಲ ಬೇಕೇ ಬೇಕು. ದಿನಕ್ಕೆ 300 ಗ್ರಾಂ ಜೋಳ ತಿನ್ನುವ ಮಗುವಿಗೆ ಅದರಿಂದ ದೊರೆಯುವುದು ಸುಮಾರು 84 ಮಿಲಿಗ್ರಾಂ ಮಾತ್ರ. ಅದರೊಡನೆ ನೂರು ಗ್ರಾಂ ರಾಗಿಯ ಅಂಬಲಿ, ನೂರು ಗ್ರಾಂ ಹರಿವೆ ಸೊಪ್ಪು ಮತ್ತು ಸಿಪ್ಪೆ ಸಹಿತವಾದ 20 ಗ್ರಾಂ ಎಳ್ಳಿನ ಪುಡಿ ಸೇರಿದರೆ ಒಟ್ಟು ಸಾವಿರ ಮಿಲಿಗ್ರಾಂ ದಾಟುತ್ತದೆ. ನುಗ್ಗೆ ಸೊಪ್ಪು ಈ ಕೆಲಸಕ್ಕೆ ಅತ್ಯುತ್ತಮ. ಪಾಲಕ್ ಸೊಪ್ಪಿನಲ್ಲಿ ಆಕ್ಸಲೇಟ್ ಎಂಬ ಪದಾರ್ಥ ಹೆಚ್ಚಾಗಿದ್ದು ಸುಣ್ಣವನ್ನು ಹಿಡಿದಿಟ್ಟುಕೊಳ್ಳುತ್ತದೆ, ಅದೊಂದನ್ನೇ ನಂಬಬಾರದು.

ರಾಗಿ, ಎಳ್ಳು, ಸೊಪ್ಪುಗಳಲ್ಲಿರುವ ಸುಣ್ಣವೆಲ್ಲ ಶರೀರಕ್ಕೆ ಹತ್ತುವುದಿಲ್ಲ. ರಾಗಿಯನ್ನು ನೆನೆಸಿ ಮೊಳಕೆ ಬರಿಸಿ ಒಣಗಿಸಿ ಹಿಟ್ಟು ಮಾಡಿದರೆ ಹೀರಿಕೆ ಹೆಚ್ಚುತ್ತದೆ. ದಿನವೂ ಮೈಗೆ ಬಿಸಿಲು ತಾಗಬೇಕು. ಬಿಸಿಲಿನಿಂದ ಚರ್ಮದಲ್ಲಿ ಉತ್ಪತ್ತಿಯಾಗುವ ಡಿ ಜೀವಸತ್ವವಿಲ್ಲದೆ ಸುಣ್ಣ ಮೂಳೆ ಸೇರದು. ಇನ್ನು ಸೋಯಾ ಹಾಲಿನ ವಿಷಯ. ಮನೆಯಲ್ಲಿ ಮಾಡಿದ ಸೋಯಾ ಹಾಲಿನಲ್ಲಿ ಸಸಾರಜನಕ ಚೆನ್ನಾಗಿದೆ, ಸುಣ್ಣಾಂಶ ಮಾತ್ರ ಹಸುವಿನ ಹಾಲಿಗಿಂತ ಬಹಳ ಕಡಮೆ. ಸೋಯಾ ಅವರೆಯನ್ನು ಚೆನ್ನಾಗಿ ಬೇಯಿಸದೆ ಉಪಯೋಗಿಸಬಾರದು.

ಕಬ್ಬಿಣಾಂಶ

2019-21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯಂತೆ ದೇಶದಲ್ಲಿ 15ರಿಂದ 19 ವರ್ಷದ ಹೆಣ್ಣುಮಕ್ಕಳಲ್ಲಿ ನೂರಕ್ಕೆ 59 ಮಂದಿಗೆ ರಕ್ತಹೀನತೆ ಇದೆ. ಹಾಲು ಕುಡಿಯುವವರೂ ಇವರಲ್ಲಿ ಸೇರಿದ್ದಾರೆ. ಹಾಲಿನಲ್ಲಿ ಕಬ್ಬಿಣಾಂಶ ಇಲ್ಲವೆನ್ನುವಷ್ಟು ಕಡಮೆ. 13ರಿಂದ 15 ವರ್ಷದ ಹುಡುಗಿಗೆ ದಿನಕ್ಕೆ 30 ಮಿಲಿಗ್ರಾಂ, ಹುಡುಗನಿಗೆ 22 ಮಿಲಿಗ್ರಾಂ ಕಬ್ಬಿಣ ಬೇಕು. ಹುರುಳಿ, ಸಜ್ಜೆ, ಸೊಪ್ಪು, ಎಳ್ಳು ಇದರ ಮೂಲಗಳು. ಸಸ್ಯಗಳಲ್ಲಿರುವ ಕಬ್ಬಿಣ ಸುಲಭವಾಗಿ ರಕ್ತ ಸೇರುವುದಿಲ್ಲ. ಊಟದ ಜೊತೆಯಲ್ಲೇ ಸಿ ಜೀವಸತ್ವವಿದ್ದರೆ ಹೀರಿಕೆ ಗಣನೀಯವಾಗಿ ಹೆಚ್ಚುತ್ತದೆ. ಬಡಿಸುವಾಗ ಸಾರಿಗೆ ನಿಂಬೆ ಹಿಂಡಬೇಕು. ಒಲೆಯ ಮೇಲೆ ಕುದಿಸಿದರೆ ಆ ಜೀವಸತ್ವ ನಾಶವಾಗುತ್ತದೆ. ಊಟದ ಜೊತೆ ಒಂದು ಸೀಬೆಹಣ್ಣು ಅಥವಾ ನೆಲ್ಲಿಕಾಯಿ ಇನ್ನೂ ಉತ್ತಮ. ಕಾಳನ್ನು ಮೊಳಕೆ ಕಟ್ಟಿ ಬಳಸಬೇಕು. ಊಟದೊಡನೆ ಚಹಾ, ಕಾಫಿ ಕುಡಿದರೆ ಕಬ್ಬಿಣದ ಹೀರಿಕೆ ತಗ್ಗುತ್ತದೆ. ಒಂದು ಗಂಟೆಯಾದರೂ ಅಂತರವಿರಲಿ.

15 ವರ್ಷದ ಹುಡುಗಿಯ ಒಂದು ದಿನದ ಊಟ

ರಾಗಿ ಹಿಟ್ಟು 200 ಗ್ರಾಂ
ಅಕ್ಕಿ 150 ಗ್ರಾಂ
ಬೇಳೆಕಾಳು 90 ಗ್ರಾಂ
ಕಡಲೇಕಾಯಿ ಬೀಜ 30 ಗ್ರಾಂ
ಹರಿವೆ ಅಥವಾ ನುಗ್ಗೆ ಸೊಪ್ಪು 100 ಗ್ರಾಂ
ಎಳ್ಳಿನ ಚಟ್ನಿಪುಡಿ 10 ಗ್ರಾಂ
ಜೊತೆಗೆ ತರಕಾರಿ, ಒಂದೆರಡು ಹಣ್ಣು, ಬೆಲ್ಲ, ಎಣ್ಣೆ ಮತ್ತು ಅಯೋಡಿನ್ ಸೇರಿಸಿದ ಉಪ್ಪು

ಇದರಿಂದ 50 ಗ್ರಾಂಗೂ ಮಿಕ್ಕಿ ಸಸಾರಜನಕ, ಸುಮಾರು 1300 ಮಿಲಿಗ್ರಾಂ ಸುಣ್ಣಾಂಶ ದೊರೆಯುತ್ತವೆ. ಇವೆರಡೂ ಸಾಕು. ಕಬ್ಬಿಣ ಮಾತ್ರ ಸುಮಾರು 22 ಮಿಲಿಗ್ರಾಂಗೆ ನಿಲ್ಲುತ್ತದೆ. ಅಂದರೆ ಹುಡುಗನಿಗೆ ಸರಿ, ಹುಡುಗಿಗೆ ಕಡಮೆ. ಈ ಅಂತರ ತುಂಬಲೆಂದೇ 10ರಿಂದ 19 ವರ್ಷದ ಮಕ್ಕಳಿಗೆ ಶಾಲೆ ಮತ್ತು ಅಂಗನವಾಡಿಗಳ ಮೂಲಕ ವಾರಕ್ಕೊಂದು ನೀಲಿ ಮಾತ್ರೆ ಕೊಡುವ ಸರ್ಕಾರಿ ಕಾರ್ಯಕ್ರಮವಿದೆ. ಅದನ್ನು ಊಟದ ನಂತರ ತಪ್ಪದೆ ನುಂಗಿಸಬೇಕು. ಬೆಳೆಯುವ ಹುಡುಗನಿಗೆ ಇನ್ನೊಂದು ಮುದ್ದೆ, ಇನ್ನೊಂದು ಹಿಡಿ ಕಡಲೇಕಾಯಿ ಸೇರಿಸಬೇಕು. ಉತ್ತರ ಕರ್ನಾಟಕದ ಅಗಸೆ ಚಟ್ನಿಪುಡಿಯನ್ನು ಎಲ್ಲ ಕಡೆಯವರೂ ರೂಢಿಸಿಕೊಳ್ಳಬಹುದು. ಮೀನು ತಿನ್ನದವರಿಗೆ ಬೇಕಾದ ಒಮೆಗಾ-3 ಎಂಬ ಜಿಡ್ಡಿನಾಂಶ ಅದರಲ್ಲಿದೆ.

ಹೊಲ ಕೊಡಲಾರದ ಒಂದು ಅಂಶ

ಗದ್ದೆಯಲ್ಲಿ ಸತುವಿನ ಕೊರತೆ ಇದ್ದಾಗ ಎಷ್ಟು ಯೂರಿಯಾ ಸುರಿದರೂ ಭತ್ತ ಚೇತರಿಸಿಕೊಳ್ಳುವುದಿಲ್ಲ. ಅತ್ಯಂತ ಕಡಮೆ ಇರುವ ಪೋಷಕಾಂಶವೇ ಬೆಳೆಯ ಮಿತಿಯನ್ನು ನಿರ್ಧರಿಸುತ್ತದೆ ಎಂಬ ಈ ನಿಯಮವನ್ನು 19ನೆಯ ಶತಮಾನದಲ್ಲಿ ಪ್ರಚಾರಕ್ಕೆ ತಂದವನು ಜರ್ಮನಿಯ ರಸಾಯನಶಾಸ್ತ್ರಜ್ಞ ಲೀಬಿಗ್. ಕೇವಲ ಸಸ್ಯಾಹಾರದಲ್ಲಿ ಬೆಳೆಯುವ ಮಗುವಿಗೂ ಇದೇ ನಿಯಮ ಅನ್ವಯಿಸುತ್ತದೆ. ಅಲ್ಲಿ ಇಲ್ಲದೆ ಹೋಗುವ ಅಂಶ ಬಿ-12 ಜೀವಸತ್ವ.

ಈ ಜೀವಸತ್ವವನ್ನು ಗಿಡವೂ ತಯಾರಿಸದು, ಪ್ರಾಣಿಯೂ ತಯಾರಿಸದು. ಸೂಕ್ಷ್ಮಾಣುಗಳು ಮಾತ್ರ ತಯಾರಿಸುತ್ತವೆ. ಹಸುವಿನ ಹೊಟ್ಟೆಯ ಸೂಕ್ಷ್ಮಾಣುಗಳು ಮೇವಿನಲ್ಲಿರುವ ಕೋಬಾಲ್ಟನ್ನು ಉಪಯೋಗಿಸಿ ಅದನ್ನು ತಯಾರಿಸುವುದರಿಂದ ಹಾಲಿನಲ್ಲಿ ಬಿ-12 ಇರುತ್ತದೆ. ದ್ವಿದಳ ಬೆಳೆಗಳ ಬೇರುಗಂಟಿನ ರೈಜೋಬಿಯಂ ಸಹ ತನ್ನ ಉಪಯೋಗಕ್ಕೆ ಅದನ್ನು ತಯಾರಿಸಿಕೊಳ್ಳುತ್ತದೆ. ಆದರೆ ಅದು ಕಾಳಿಗೆ ಬರುವುದಿಲ್ಲ. ಇಡ್ಲಿ ಹಿಟ್ಟು, ಹುಳಿ ಅಂಬಲಿ, ಅಣಬೆಗಳಿಂದ ಬೇಕಾದಷ್ಟು ಸಿಗುವುದಿಲ್ಲ. ಸ್ಪಿರುಲಿನಾ ಎಂಬ ಪಾಚಿಯಲ್ಲಿರುವುದು ಬಹುಪಾಲು ಶರೀರಕ್ಕೆ ಉಪಯೋಗಕ್ಕೆ ಬಾರದ ರೂಪ.

ದಿನಕ್ಕೆ ಬೇಕಾದುದು ಎರಡರಿಂದ ಎರಡೂವರೆ ಮೈಕ್ರೋಗ್ರಾಂ ಮಾತ್ರ. ಒಂದು ಗ್ರಾಮಿನ ಹತ್ತು ಲಕ್ಷ ಪಾಲಿನಲ್ಲಿ ಎರಡು ಪಾಲು. ಆದರೆ ಅದಿಲ್ಲದಿದ್ದರೆ ರಕ್ತ ಸರಿಯಾಗಿ ಉತ್ಪತ್ತಿಯಾಗದು, ನರಗಳು ಕೆಡುತ್ತವೆ. ಆಯಾಸ, ನಾಲಿಗೆ ಉರಿ, ಕೈಕಾಲು ಜೋಮು ಹಿಡಿಯುವುದು, ಓದಿದ್ದು ನೆನಪಿನಲ್ಲಿ ನಿಲ್ಲದಿರುವುದು ಇದರ ಚಿಹ್ನೆಗಳು. ಯಕೃತ್ತಿನಲ್ಲಿ ಮೊದಲಿನ ದಾಸ್ತಾನು ಇದ್ದರೆ ಹಾಲು ಬಿಟ್ಟ ಒಂದೆರಡು ವರ್ಷ ಏನೂ ಕಾಣದೆ ಇರಬಹುದು. ಅಷ್ಟರಿಂದ ಎಲ್ಲ ಸರಿಯಿದೆ ಎಂದು ತಿಳಿಯಬಾರದು. ಇನ್ನೊಂದು ಎಚ್ಚರಿಕೆ. ಶಾಲೆಯ ನೀಲಿ ಮಾತ್ರೆಯಲ್ಲಿ ಕಬ್ಬಿಣ ಮತ್ತು ಫೋಲಿಕ್ ಆಮ್ಲ ಇವೆ, ಬಿ-12 ಇಲ್ಲ. ಫೋಲಿಕ್ ಆಮ್ಲ ರಕ್ತವನ್ನು ಸುಧಾರಿಸಿದಂತೆ ತೋರಿಸಿದರೂ ನರಗಳ ಹಾನಿ ಒಳಗೊಳಗೇ ಮುಂದುವರಿಯಬಹುದು. ನೀಲಿ ಮಾತ್ರೆ ನಿಲ್ಲಿಸಬಾರದು, ಅದರ ಜೊತೆಗೆ ಬಿ-12 ಸೇರಬೇಕು. 2016-18ರ ರಾಷ್ಟ್ರೀಯ ಸಮಗ್ರ ಪೋಷಣಾ ಸಮೀಕ್ಷೆಯಲ್ಲಿ ದೇಶದ ಹದಿಹರೆಯದವರ ಪೈಕಿ ನೂರಕ್ಕೆ 31 ಮಂದಿಯಲ್ಲಿ ಬಿ-12 ಕೊರತೆ ಕಂಡುಬಂದಿದೆ. ಹೆಸರಿಗೆ ವೀಗನ್ ಅಲ್ಲದ ಮನೆಗಳಲ್ಲೂ ಈ ಕೊರತೆ ಇದೆ ಎಂದಾಯಿತು.

ಪರಿಹಾರ ಕಷ್ಟವಲ್ಲ. ಮನಃಪೂರ್ವಕ ಹಾಲು ಬಿಟ್ಟಿರುವ ಮಗುವಿಗೆ ವೈದ್ಯರು ಹೇಳಿದ ಪ್ರಮಾಣದಲ್ಲಿ ಬಿ-12 ಮಾತ್ರೆ ತಪ್ಪದೆ ಕೊಡಬೇಕು. ಮಾತ್ರೆಯ ಬಿ-12 ಸೂಕ್ಷ್ಮಾಣುಗಳಿಂದ ತಯಾರಾದದ್ದು, ಪ್ರಾಣಿಜನ್ಯವಲ್ಲ. ಮಗುವಿನ ವ್ರತಕ್ಕೆ ಅದರಿಂದ ಭಂಗವಿಲ್ಲ. ಹಾಲನ್ನು ಬೇಡವೆನ್ನದ, ಆದರೆ ಹಾಲು ಸಿಗದ ಮಗುವಿಗೆ ಕ್ಯಾನಿಗೆ ಸುರಿಯುವ ಮುಂಚೆ ಎರಡು ಲೋಟ ತೆಗೆದಿಟ್ಟರೆ ಕೊರತೆಯ ಬಹುಭಾಗ ತುಂಬುತ್ತದೆ.

ಹೊಲದಲ್ಲಿ ಮಾಡಬೇಕಾದುದು

ಮೇಲೆ ಹೇಳಿದ 90 ಗ್ರಾಂ ಕಾಳಿನಂತೆ ಒಂದು ಮಗುವಿಗೆ ವರ್ಷಕ್ಕೆ 33 ಕಿಲೋ ಬೇಕು. ನಾಲ್ವರ ಸಂಸಾರಕ್ಕೆ ಸುಮಾರು 130 ಕಿಲೋ. ಮುಸುಕಿನ ಜೋಳ ಒಂದನ್ನೇ ಬಿತ್ತಿ ಕಾಳನ್ನೆಲ್ಲ ಅಂಗಡಿಯಿಂದ ತರುವ ಮನೆಯಲ್ಲಿ ಸಾರು ದಿನೇ ದಿನೇ ತೆಳ್ಳಗಾಗುತ್ತದೆ. ಆದುದರಿಂದ ರಾಗಿ ಬಿತ್ತುವ ರೈತರು 8 ಸಾಲು ರಾಗಿಗೆ 2 ಸಾಲು ತೊಗರಿ ಅಥವಾ 1 ಸಾಲು ಅವರೆ ಹಾಕಬೇಕು. ಸುಗ್ಗಿಯಲ್ಲಿ ಮಾರಾಟಕ್ಕೆ ಮುಂಚೆ ಮಕ್ಕಳ ಪಾಲಿನ ಕಾಳನ್ನು ಅಳೆದು ಬೇರೆ ಇಡಬೇಕು. ಕಡಲೇಕಾಯಿಯನ್ನು ಚೆನ್ನಾಗಿ ಒಣಗಿಸಿ ದಾಸ್ತಾನು ಮಾಡಬೇಕು; ಬೂಷ್ಟು ಹಿಡಿದ ಬೀಜದಲ್ಲಿ ವಿಷಾಂಶವಿರುವುದರಿಂದ ಅದನ್ನು ಆರಿಸಿ ಎಸೆಯಬೇಕು. ಹಿತ್ತಲಿನ ಬಚ್ಚಲ ನೀರಿಗೆ ಎರಡು ನುಗ್ಗೆ, ಒಂದು ನಿಂಬೆ, ಒಂದು ಸೀಬೆ, ಒಂದು ಪಾತಿ ಹರಿವೆ ಸಾಕು.

ವಿಸ್ತರಣಾ ಕಾರ್ಯಕರ್ತರು ಮನೆ ಭೇಟಿಯಲ್ಲಿ ಒಂದು ವಿಷಯವನ್ನು ಸೂಕ್ಷ್ಮವಾಗಿ ವಿಚಾರಿಸಬೇಕು. ಕೆಲವು ಮಕ್ಕಳು ತೆಳ್ಳಗಾಗುವ ಹಂಬಲದಿಂದ ಊಟವನ್ನೇ ಕಡಮೆ ಮಾಡಿ, ಆಹಾರ ನಿಯಮದ ಕಾರಣ ಹೇಳುವುದುಂಟು. ತೂಕ ಇಳಿಯುತ್ತಿದ್ದರೆ, ಮುಟ್ಟು ನಿಂತಿದ್ದರೆ ತಡಮಾಡದೆ ವೈದ್ಯರಲ್ಲಿಗೆ ಕಳುಹಿಸಬೇಕು.

ಹಾಲು ಬೇಡವೆಂದ ಮಗಳೊಡನೆ ವಾದಕ್ಕಿಳಿಯುವುದರಿಂದ ಅವಳ ರಕ್ತ ಹೆಚ್ಚುವುದಿಲ್ಲ. ಅವಳ ತಟ್ಟೆಗೆ ರಾಗಿ, ಕಾಳು, ಸೊಪ್ಪು, ಎಣ್ಣೆಕಾಳುಗಳನ್ನು ಹೊಲದಿಂದ ತರಬಹುದು. ಹೊಲ ಕೊಡಲಾರದ ಬಿ-12 ಒಂದನ್ನು ಔಷಧಿ ಅಂಗಡಿಯಿಂದ ತರಬೇಕು. ಇವೆರಡೂ ತಪ್ಪದೆ ನಡೆದರೆ ಮಗು ಆರೋಗ್ಯವಾಗಿ ಬೆಳೆಯುತ್ತದೆ. ಮುಂದಿನ ಮುಂಗಾರಿನ ಬಿತ್ತನೆಗೆ ಬೀಜ ತೆಗೆಯುವಾಗ ಅಕ್ಕಡಿ ಸಾಲಿನ ಕಾಳನ್ನೂ ಅಳೆದಿಟ್ಟುಕೊಳ್ಳುವುದು ಇದಕ್ಕೆ ಮೊದಲ ಕೆಲಸ.