ಕೊಟ್ಟಿಗೆ ಕಲಿಸಿದ ಪಾಠ

ಕೆಲವು ತಿಂಗಳ ಹಿಂದೆ ಹತ್ತನೆಯ ತರಗತಿಯಲ್ಲಿ ಪಾಠ ಹೇಳುತ್ತಿದ್ದಾಗ ‘ಲದ್ದಿ’ ಎಂಬ ಮಾತು ಬಂದಿತು. ಹಾಗೆಂದರೇನು ಎಂದು ಕೇಳಿದೆ. ನಲವತ್ತು ಮಕ್ಕಳಲ್ಲಿ ಒಬ್ಬರೂ ಬಾಯಿ ತೆರೆಯಲಿಲ್ಲ. ಹಸುವಿನದು ಸಗಣಿ, ಕುದುರೆಯದು ಲದ್ದಿ, ಆಡು ಕುರಿಗಳದು ಹಿಕ್ಕೆ ಎಂದು ವಿವರಿಸಿದಾಗ ತರಗತಿಗೆ ತರಗತಿಯೇ ನಕ್ಕುಬಿಟ್ಟಿತು. ನಗಲಿ, ತಪ್ಪೇನೂ ಇಲ್ಲ. ಆದರೆ ಆ ದಿನ ಸಂಜೆಯವರೆಗೂ ನನ್ನನ್ನು ಒಂದು ಯೋಚನೆ ಕಾಡಿತು. ಒಂದು ಜನ ಮೂರು ಪ್ರಾಣಿಗಳ ಕಸಕ್ಕೆ ಮೂರು ಬೇರೆ ಹೆಸರುಗಳನ್ನು ಇಟ್ಟಿದೆಯೆಂದರೆ, ಆ ಮೂರನ್ನೂ ಅದು ದಿನಬೆಳಗಾದರೆ ತನ್ನ ಕೈಯಿಂದಲೇ ಬಾಚಿದೆ ಎಂದು ಅರ್ಥ. ಬಾಚುವ ಕೈ ಇಲ್ಲವಾದ ಮೇಲೆ ಹೆಸರು ಉಳಿಯುವುದೆಂತು?

ನಾನು ಹುಟ್ಟಿ ಬೆಳೆದದ್ದು ತುಮಕೂರು ಸೀಮೆಯ ಒಂದು ಒಕ್ಕಲು ಮನೆಯಲ್ಲಿ. ನಡುಮನೆಯ ಪಕ್ಕದಲ್ಲಿಯೇ ಕೊಟ್ಟಿಗೆ. ನಡುವೆ ಒಂದು ಮೋಟುಗೋಡೆ. ರಾತ್ರಿ ಮಲಗಿದರೆ ದನಗಳು ಮೆಲುಕು ಹಾಕುವ ಸದ್ದೇ ನಮಗೆ ಜೋಗುಳ. ಒಂದು ಜೊತೆ ಹಳ್ಳಿಕಾರ್ ಎತ್ತು, ಎರಡು ಹಸು, ಒಂದು ಎಮ್ಮೆ, ಏಳೆಂಟು ಕುರಿ, ಬಾಗಿಲಲ್ಲಿ ಒಂದು ನಾಯಿ, ಬುಟ್ಟಿಯ ಕೆಳಗೆ ಕೋಳಿ. ಇವೆಲ್ಲದರ ಜೊತೆಗೆ ನಮ್ಮ ತಾತ ಸಾಕಿದ್ದ ಚೆನ್ನಿ ಎಂಬ ಹೆಣ್ಣುಕುದುರೆ. ಕುಣಿಗಲ್ಲಿನ ಕುದುರೆ ಫಾರಂ ಟಿಪ್ಪುವಿನ ಕಾಲದಿಂದಲೂ ಹೆಸರಾದದ್ದು. ನಮ್ಮ ಚೆನ್ನಿಗೂ ಆ ಶ್ರೀಮಂತ ಕುಲಕ್ಕೂ ಸಂಬಂಧವಿರಲಿಲ್ಲ. ಅದು ನಾಟಿ ತಟ್ಟು. ವಾರಕ್ಕೊಂದು ದಿನ ಸಂತೆಗೆ ಜಟಕಾ ಎಳೆಯುವುದು, ಉಳಿದ ದಿನ ಯಾರಾದರೂ ಬಾಡಿಗೆಗೆ ಕರೆದರೆ ಹೋಗುವುದು, ಇಷ್ಟೇ ಅದರ ಕೆಲಸ.

ಪೇಟೆಯ ಮನೆಗಳಲ್ಲಿರುವ ತಮಗೆ ದನವೂ ಕುದುರೆಯೂ ಒಂದೇ ಬಗೆಯ ಮೂಕಪ್ರಾಣಿಗಳಾಗಿ ಕಾಣಬಹುದು. ಕೊಟ್ಟಿಗೆಯಲ್ಲಿ ಕೆಲಸ ಮಾಡಿದವನಿಗೆ ಹಾಗಲ್ಲ. ಹಸುವಿಗೆ ಮೇಲ್ದವಡೆಯ ಮುಂದೆ ಹಲ್ಲಿಲ್ಲ. ನಾಲಗೆಯಿಂದ ಹುಲ್ಲನ್ನು ಸುತ್ತಿ ಎಳೆದು ಅವಸರದಲ್ಲಿ ನುಂಗಿ, ಆಮೇಲೆ ಮಲಗಿ ನಿಧಾನವಾಗಿ ಮೆಲುಕು ಹಾಕುತ್ತದೆ. ಕುದುರೆಗೆ ಮೇಲೂ ಕೆಳಗೂ ಹಲ್ಲುಂಟು, ಮೆಲುಕಿಲ್ಲ. ಅದರ ಜಠರ ಚಿಕ್ಕದು. ದಿನವೆಲ್ಲ ಸ್ವಲ್ಪ ಸ್ವಲ್ಪವಾಗಿ ತಿನ್ನುತ್ತಿರಬೇಕು. ಎತ್ತಿನ ಗೊರಸು ಸೀಳಾದದ್ದರಿಂದ ಒಂದೊಂದು ಕಾಲಿಗೆ ಎರಡು ತುಂಡು ಲಾಳ. ಅದನ್ನು ಹಗ್ಗ ಹಾಕಿ ಕೆಡವಿ ಕಟ್ಟಬೇಕು. ಕುದುರೆಯದು ಒಂದೇ ಗೊರಸು, ಒಂದೇ ಲಾಳ; ಪಳಗಿದ ಕುದುರೆ ನಿಂತಲ್ಲೇ ಕಾಲು ಕೊಡುತ್ತದೆ. ಎಮ್ಮೆಗೆ ಕೆಸರುನೀರು ಸ್ವರ್ಗ. ಚೆನ್ನಿಗೆ ಬಾನಿಯಲ್ಲಿ ಒಂದು ಹುಲ್ಲುಕಡ್ಡಿ ತೇಲಿದರೂ ಮುಖ ತಿರುಗಿಸುವಷ್ಟು ಮಡಿ. ‘ಎತ್ತು ಏರಿಗೆ ಎಳೆಯಿತು, ಕೋಣ ನೀರಿಗೆ ಎಳೆಯಿತು’ ಎಂಬ ಗಾದೆಯನ್ನು ನಾವು ಪುಸ್ತಕದಿಂದ ಕಲಿಯಬೇಕಾಗಿರಲಿಲ್ಲ.

ಈ ಬಗೆಯ ತಿಳಿವಳಿಕೆ ನಮ್ಮಲ್ಲಿ ಬಹಳ ಹಳೆಯದು. ಚಾಲುಕ್ಯ ವಂಶದ ಕೀರ್ತಿವರ್ಮನು ಹನ್ನೆರಡನೆಯ ಶತಮಾನದಲ್ಲಿಯೇ ಕನ್ನಡದಲ್ಲಿ ‘ಗೋವೈದ್ಯ’ವನ್ನು ಬರೆದನು. ಅನಂತರ ಅಭಿನವಚಂದ್ರನು ಕುದುರೆಗಳ ವಿಷಯವಾಗಿ ‘ಅಶ್ವವೈದ್ಯ’ವನ್ನು ರಚಿಸಿದನು. ಅರಸುಮಕ್ಕಳೂ ಕವಿಗಳೂ ಕೊಟ್ಟಿಗೆಯ ವಿಚಾರವನ್ನು ಕೀಳೆಂದು ಎಣಿಸಲಿಲ್ಲ ಎಂಬುದನ್ನು ಗಮನಿಸಬೇಕು.

ಇನ್ನು ನನ್ನದೇ ಒಂದು ತಪ್ಪನ್ನು ತಮ್ಮ ಮುಂದೆ ಒಪ್ಪಿಸುತ್ತೇನೆ. 1981ರ ಬೇಸಗೆ; ನನಗೆ ಹನ್ನೊಂದು ವರ್ಷ. ಸಂಜೆ ಚೆನ್ನಿಗೆ ಬೇಯಿಸಿದ ಹುರುಳಿ ಇಡುವ ಕೆಲಸ ನನ್ನದು. ಆ ದಿನ ಕೇರಿಯ ಹುಡುಗರು ಆಟಕ್ಕೆ ಕೂಗಿದರೆಂದು ಹಗ್ಗವನ್ನು ಗೂಟಕ್ಕೆ ಸರಿಯಾಗಿ ಬಿಗಿಯದೆ, ಕಾಳಿನ ಕೋಣೆಯ ಅಗಳಿಯನ್ನೂ ಹಾಕದೆ ಓಡಿದೆ. ಮರಳಿ ಬಂದಾಗ ಚೆನ್ನಿ ಕೋಣೆಯೊಳಗೆ ನಿಂತು ಮೂಟೆಯ ಒಣಹುರುಳಿಯನ್ನು ತಿನ್ನುತ್ತಿದೆ! ಮೆಲ್ಲನೆ ಎಳೆದು ತಂದು ಕಟ್ಟಿದೆ, ಚೆಲ್ಲಿದ ಕಾಳನ್ನು ಗುಡಿಸಿ ಮೂಟೆಗೆ ತುಂಬಿದೆ, ಯಾರಿಗೂ ಹೇಳಲಿಲ್ಲ.

ಊಟದ ಹೊತ್ತಿಗೆ ಕುದುರೆ ನೆಲವನ್ನು ಕೆರೆಯತೊಡಗಿತು. ತಿರುತಿರುಗಿ ತನ್ನ ಪಕ್ಕೆಯನ್ನು ನೋಡಿಕೊಳ್ಳುವುದು, ಮಲಗುವುದು, ಏಳುವುದು, ಮೈಯೆಲ್ಲ ಬೆವರು. ತಾತ ಲಾಂದ್ರ ಹಿಡಿದು ಬಂದರು. ಬಿಸಿಲಿನ ಝಳವಿರಬೇಕೆಂದು ತಣ್ಣೀರು ತಟ್ಟಿದರು. ಅಜ್ಜಿ ಓಮದ ಕಷಾಯ ಕಾಯಿಸಿದರು. ಗೋಡೆಗೆ ಒರಗಿ ನಾನು ಎಲ್ಲವನ್ನೂ ನೋಡುತ್ತ ನಿಂತಿದ್ದೆ. ನಾಲಗೆ ಒಣಗಿತ್ತು. ಕುದುರೆಯ ದೇಹದ ಕಟ್ಟು ಎಂಥದೆಂದರೆ, ತಿಂದದ್ದು ಮಿತಿ ಮೀರಿದರೂ ಅದಕ್ಕೆ ವಾಂತಿಯಾಗುವುದಿಲ್ಲ. ಒಣಕಾಳು ಒಳಗೇ ನೆನೆದು ಉಬ್ಬುತ್ತದೆ. ಇದು ನನಗೆ ಆಗ ತಿಳಿಯದು. ಆದರೆ ಕಾರಣ ನನಗೊಬ್ಬನಿಗೇ ತಿಳಿದಿತ್ತು. ಎರಡು ಗಂಟೆ ಸುಮ್ಮನಿದ್ದು, ಕಡೆಗೆ ಅಜ್ಜಿಯ ಸೆರಗು ಹಿಡಿದು ಹೇಳಿಬಿಟ್ಟೆ.

ತಾತ ಹೊಡೆಯಲಿಲ್ಲ. ಒಂದು ಗಳಿಗೆ ನನ್ನನ್ನೇ ನೋಡಿ, “ಅದಕ್ಕೆ ಬಾಯಿಲ್ಲ ಕಣಪ್ಪ, ನಿನಗೈತಲ್ಲ” ಎಂದರು. ಅಷ್ಟೆ. ಕೂಡಲೇ ಚಿಕ್ಕಪ್ಪ ಸೈಕಲ್ ಹತ್ತಿ ಪಶುವೈದ್ಯರನ್ನು ಕರೆತರಲು ಹೊರಟರು. ತಾತನೂ ಅಪ್ಪನೂ ಸರದಿಯ ಮೇಲೆ ಚೆನ್ನಿಯನ್ನು ಅಂಗಳದಲ್ಲಿ ಮೆಲ್ಲಮೆಲ್ಲನೆ ನಡೆಸಿದರು, ಬಿದ್ದು ಹೊರಳಿ ಕರುಳು ತಿರುಚದಿರಲಿ ಎಂದು. ನಾನು ಲಾಂದ್ರ ಹಿಡಿದು ಹಿಂದೆ ಹಿಂದೆ ಹೋದೆ. ಬೆಳಕು ಹರಿಯುವ ಹೊತ್ತಿಗೆ ವೈದ್ಯರು ಬಂದರು. ಹೊಟ್ಟೆಗೆ ಕಿವಿಗೊಟ್ಟು ಕೇಳಿದರು. ಮೂಗಿನ ಹೊಳ್ಳೆಯಿಂದ ಜಠರಕ್ಕೆ ಕೊಳವೆ ಇಳಿಸಿ ಎಣ್ಣೆ ಹಾಕಿದರು. ಒಂದು ಸೂಜಿಮದ್ದು ಚುಚ್ಚಿದರು. “ಲದ್ದಿ ಹಾಕಿದರೆ ಬದುಕಿತು ಅಂತ ತಿಳಿಯಿರಿ” ಎಂದು ಹೇಳಿ ಜಗಲಿಯ ಮೇಲೆ ಕುಳಿತರು.

ಮನೆಮಂದಿಯೆಲ್ಲ ಒಂದು ಕುದುರೆಯ ಹಿಂಭಾಗವನ್ನೇ ನೋಡುತ್ತ ಕುಳಿತ ಆ ಹೊತ್ತನ್ನು ನೆನೆದರೆ ಈಗ ನಗು ಬರುತ್ತದೆ. ಅಂದು ಯಾರೂ ನಗಲಿಲ್ಲ. ಒಲೆ ಹೊತ್ತಲಿಲ್ಲ. ಹೊತ್ತು ನೆತ್ತಿಗೆ ಬರುವ ವೇಳೆಗೆ ಚೆನ್ನಿ ಬಾಲವನ್ನೆತ್ತಿತು. ಬಿದ್ದ ಲದ್ದಿಯನ್ನು ತಾತ ಬೊಗಸೆಯಲ್ಲಿ ಎತ್ತಿಕೊಂಡು, ಪ್ರಸಾದವೋ ಎಂಬಂತೆ ಎಲ್ಲರಿಗೂ ತೋರಿಸಿದರು. ‘ಲದ್ದಿ’ ಎಂಬ ಮಾತಿನ ಅರ್ಥ ನನಗೆ ತಿಳಿದದ್ದು ಹೀಗೆ. ನಾನು ಮುಂದೆ ಪಂಡಿತ ಪರೀಕ್ಷೆಗೆ ಓದಿದ ಯಾವ ನಿಘಂಟಿನಲ್ಲೂ ಈ ಅರ್ಥ ಸಿಗಲಿಲ್ಲ. ಮರುದಿನ ತಾತ ಕಾಳಿನ ಕೋಣೆಯ ಬೀಗದ ಕೈಯನ್ನು ನನ್ನ ಉಡಿದಾರಕ್ಕೆ ಕಟ್ಟಿ, “ಇನ್ಮೇಲೆ ಇದರ ಜವಾಬ್ದಾರಿ ಪೂರಾ ನಿಂದೇ” ಎಂದರು. ತಪ್ಪು ಮಾಡಿದವನ ಕೈಗೇ ಬೀಗದ ಕೈ! ಮೂವತ್ತು ವರ್ಷ ಮೇಷ್ಟರ ಕೆಲಸ ಮಾಡಿದ ಮೇಲೂ ಇದಕ್ಕಿಂತ ದೊಡ್ಡ ಶಿಕ್ಷಣತತ್ವವನ್ನು ನಾನು ಕಂಡಿಲ್ಲ.

ಬಸ್ಸು ಬಂತು, ಜಟಕಾ ಮೂಲೆ ಸೇರಿತು. ದಲ್ಲಾಳಿಗಳು ಎರಡು ಬಾರಿ ಬಂದು ಮುದಿ ಚೆನ್ನಿಗೆ ಬೆಲೆ ಕಟ್ಟಿದರು. ತಾತ ಕೊಡಲಿಲ್ಲ. ಸತ್ತಾಗ ಹೊಲದ ಹುಣಸೆಮರದ ಕೆಳಗೆ ಗುಂಡಿ ತೆಗೆಸಿ ಮಣ್ಣು ಮಾಡಿದರು. ಆದರೆ ಇಷ್ಟನ್ನೇ ಹೇಳಿ ನಿಲ್ಲಿಸಿದರೆ ಅರ್ಧ ಸತ್ಯವಾದೀತು. ತಾತ ಹೋದ ಮೇಲೆ, ತಂಗಿಯ ಮದುವೆಯ ವರ್ಷ, ನಮ್ಮಪ್ಪ ವಯಸ್ಸಾದ ಎತ್ತುಗಳನ್ನು ಜಾತ್ರೆಗೆ ಹೊಡೆದುಕೊಂಡು ಹೋದರು. ಬರಿಯ ಹಗ್ಗ ಹಿಡಿದು ಮನೆಗೆ ಬಂದರು. ಆ ರಾತ್ರಿ ಅಜ್ಜಿ ಉಣ್ಣಲಿಲ್ಲ. ಅಪ್ಪನನ್ನು ಬೈಯಲೂ ಇಲ್ಲ. ಸಾಲದ ಭಾರ ಅವರಿಗೂ ಗೊತ್ತಿತ್ತು. ಇವರಲ್ಲಿ ಯಾರು ಸರಿ ಎಂದು ತೀರ್ಪು ಹೇಳಲು ನನ್ನಿಂದ ಇಂದಿಗೂ ಆಗಿಲ್ಲ.

ಈಗ ನಮ್ಮ ಹೊಲವನ್ನು ಬಾಡಿಗೆ ಟ್ರ್ಯಾಕ್ಟರ್ ಉಳುತ್ತದೆ. 2012ರಲ್ಲಿ ಇಡೀ ದೇಶದಲ್ಲಿ ಸುಮಾರು 6.25 ಲಕ್ಷ ಕುದುರೆ ತಟ್ಟುಗಳಿದ್ದವು. 2019ರ ಜಾನುವಾರು ಗಣತಿಯಲ್ಲಿ ಅವು ಸುಮಾರು 3.4 ಲಕ್ಷಕ್ಕೆ ಇಳಿದವು. ಹೋದದ್ದೆಲ್ಲ ಒಳ್ಳೆಯದೇ ಎಂದು ನಾನು ಹೇಳಲಾರೆ. ಅಜ್ಜಿ ಹೆಸರೆತ್ತಲೂ ಹೆದರುತ್ತಿದ್ದ, ಹಟ್ಟಿಗೆ ಹಟ್ಟಿಯನ್ನೇ ಬರಿದು ಮಾಡುತ್ತಿದ್ದ ದನಗಳ ದೊಡ್ಡರೋಗ ಇಂದು ಇಲ್ಲ. 2011ರಲ್ಲಿ ಅದು ಜಗತ್ತಿನಿಂದಲೇ ತೊಲಗಿತೆಂದು ಘೋಷಣೆಯಾಯಿತು. ಅದು ಮರಳಿ ಬಾರದಿರಲಿ. ನೇಗಿಲ ಹಿಂದೆ ಸವೆದ ಕಾಲುಗಳಿಗೆ ವಿಶ್ರಾಂತಿ ದೊರೆತದ್ದೂ ಸಂತೋಷವೇ.

ಆದರೂ ತಮ್ಮಲ್ಲಿ ಒಂದು ಬೇಡಿಕೆ. ತಮ್ಮ ನೆಂಟರಿಷ್ಟರ ಮನೆಯಲ್ಲಿ ಎಲ್ಲಿಯಾದರೂ ಒಂದು ಕೊಟ್ಟಿಗೆ ಉಳಿದಿದ್ದರೆ, ಬೇಸಗೆಯ ರಜೆಯಲ್ಲಿ ಮಕ್ಕಳನ್ನು ನಾಲ್ಕು ದಿನ ಅಲ್ಲಿ ಬಿಡಿ. ಬರಿದೆ ನೋಡಿ ಬರಲೆಂದಲ್ಲ. ಒಂದು ಪ್ರಾಣಿಯ ನೀರು ಮೇವು ಅವರ ಪಾಲಿಗೆ ಇರಲಿ. ತಾನು ಮರೆತರೆ ಹಸಿದಿರುವ, ಹಸಿದರೂ ಹೇಳಲಾರದ ಒಂದು ಜೀವವನ್ನು ನೋಡಿಕೊಂಡ ಮಗು ಮನುಷ್ಯರ ನಡುವೆಯೂ ಸ್ವಲ್ಪ ಎಚ್ಚರದಿಂದ ನಡೆಯುತ್ತದೆ. ಬಾಯಿಲ್ಲದವರು ಕೊಟ್ಟಿಗೆಯಲ್ಲಿ ಮಾತ್ರ ಇರುವುದಿಲ್ಲವಲ್ಲ.