ತೀರ್ಥ ಹರಿಯುವ ದಾರಿಯೂ ದೇವಸ್ಥಾನವೇ
(ಉತ್ಸವದ ಧಾರ್ಮಿಕ ಸಭೆಯಲ್ಲಿ ಮಾಡಿದ ಭಾಷಣ)



ನಾನು ಪಂಡಿತನಲ್ಲ, ಅಂಗಡಿ ವ್ಯಾಪಾರಿ. ಕ್ಷೇತ್ರದ ಸೇವೆಯಲ್ಲಿ ಕಂಡ ಒಂದು ವಿಷಯವನ್ನು ಮಾತ್ರ ತಮ್ಮ ಮುಂದಿಡುತ್ತೇನೆ.

ರೋಮನರ ಹಳೆಯ ಭಾಷೆಯಾದ ಲ್ಯಾಟಿನ್‌ನಲ್ಲಿ 'ಸಕ್ರಾರಿಯಮ್' ಎಂಬ ಶಬ್ದವಿದೆ. ಪವಿತ್ರ ವಸ್ತುಗಳನ್ನು ಇರಿಸುವ ಜಾಗ ಎಂದು ಅದರ ಅರ್ಥ. ಮನೆಯೊಳಗಿನ ದೇವರ ಕೋಣೆಗೂ ಅವರು ಇದೇ ಹೆಸರು ಹೇಳುತ್ತಿದ್ದರು. ಅವರ ಅಗ್ನಿದೇವತೆ ವೆಸ್ತಾಳ ಗುಡಿಯನ್ನು ಗುಡಿಸಿದ ಕಸವನ್ನು ಕಂಡಲ್ಲಿ ಎಸೆಯುವಂತಿರಲಿಲ್ಲ. ಪ್ರತಿವರ್ಷ ಜೂನ್ 15ರಂದು ಅದನ್ನು ವಿಧಿಪೂರ್ವಕ ಹೊರಗೆ ಒಯ್ಯುತ್ತಿದ್ದರು. ಆ ಕಾರ್ಯ ಮುಗಿಯುವ ತನಕ ನ್ಯಾಯಸ್ಥಾನದ ಕಲಾಪವೂ ನಡೆಯಕೂಡದು.

ನಮ್ಮ ಜಿಲ್ಲೆಯಲ್ಲಿ ಬೇಳದ ಇಗರ್ಜಿಯನ್ನು ಅರಿಯದವರು ಕಡಿಮೆ. ಆ ಕೆಥೋಲಿಕ್ ಸಂಪ್ರದಾಯದಲ್ಲಿ ಇದೇ ಶಬ್ದಕ್ಕೆ ಇನ್ನೊಂದು ಅರ್ಥ ಬಂದಿದೆ. ಪೂಜೆಯ ಪಾತ್ರೆ, ವಸ್ತ್ರ ತೊಳೆದ ನೀರನ್ನು ಸುರಿಯುವ ತೊಟ್ಟಿಗೆ ಅವರು ಸಕ್ರಾರಿಯಮ್ ಎನ್ನುತ್ತಾರೆ. ಅದರ ಕೊಳವೆ ಚರಂಡಿಗೆ ಸೇರುವುದಿಲ್ಲ, ನೇರವಾಗಿ ಮಣ್ಣಿಗೆ ಇಳಿಯುತ್ತದೆ.

ಇದನ್ನು ಕೇಳಿದಾಗ ನಮ್ಮ ಗರ್ಭಗುಡಿಯ ಪ್ರಣಾಳ ನೆನಪಾಗದೆ ಇರುವುದೇ? ಅಭಿಷೇಕದ ತೀರ್ಥ ಸಾಮಾನ್ಯವಾಗಿ ಉತ್ತರ ಭಾಗದ ಪ್ರಣಾಳದಿಂದ ಹೊರಬರುತ್ತದೆ. ಶಿವಾಲಯದಲ್ಲಿ ಆ ದಾರಿಯನ್ನು ದಾಟದೆ ಹಿಂದಿರುಗಿ ಪ್ರದಕ್ಷಿಣೆ ಮಾಡುವ ಕ್ರಮವನ್ನು ಹಿರಿಯರು ಇಟ್ಟಿದ್ದಾರೆ. ಅಂದರೆ ದೇವರ ಸಾನ್ನಿಧ್ಯ ಗರ್ಭಗುಡಿಯ ಹೊಸ್ತಿಲಿಗೇ ಮುಗಿಯುವುದಿಲ್ಲ, ತೀರ್ಥ ಮಣ್ಣು ಸೇರುವ ತನಕವೂ ಅದು ದೇವರ ಜಾಗವೇ.

ಇಂದು ಜೀರ್ಣೋದ್ಧಾರವೆಂದರೆ ಅಂಗಣಕ್ಕೆ ಕಾಂಕ್ರೀಟು, ಇಂಟರ್‌ಲಾಕ್ ಹಾಸುವುದೆಂದಾಗಿದೆ. ಎಷ್ಟೋ ಕಡೆ ಪ್ರಣಾಳದ ನೀರೂ ಊಟದ ಕೈ ತೊಳೆದ ನೀರೂ ಒಂದೇ ಚರಂಡಿಯಲ್ಲಿ ಹೋಗುತ್ತವೆ. ದೇವರಿಗೇರಿಸಿದ ತುಳಸಿ, ಹಿಂಗಾರ, ಹೂಮಾಲೆಗಳು ಪ್ಲಾಸ್ಟಿಕ್ ತೊಟ್ಟೆಯ ಸಮೇತ ಹೊಳೆಗೆ ಬೀಳುತ್ತವೆ. ಅಡೂರು ಮಹಾಲಿಂಗೇಶ್ವರನ ಪಾದದಡಿ ಹರಿಯುವುದು ಪಯಸ್ವಿನಿ, ಮಧೂರಿನ ಗಣಪನ ಎದುರು ಹರಿಯುವುದು ಮಧುವಾಹಿನಿ. ಕೆರೆ, ಬಾವಿ, ಸುರಂಗದ ನೀರು ಕುಡಿದು ಬದುಕಿದ ನಾಡು ನಮ್ಮದು. ಮುರಕಲ್ಲಿನ ಎಡೆಯಲ್ಲಿ ಇಳಿದ ನೀರೇ ನಾಳೆ ನಮ್ಮ ಬಾವಿಗೆ ಬರುವುದು.

ಆದುದರಿಂದ ಸಮಿತಿಯ ಮುಂದೆ ಮೂರು ವಿನಂತಿಗಳು. ಪ್ರಣಾಳದ ನೀರಿಗೆ ಬೇರೆ ದಾರಿ ಮಾಡಿ, ಅದು ಬೀಳುವಲ್ಲಿ ನಾಲ್ಕು ಕೋಲು ಮಣ್ಣನ್ನಾದರೂ ಉಳಿಸೋಣ. ನಿರ್ಮಾಲ್ಯಕ್ಕೆ ಒಂದು ಗುಂಡಿ ತೋಡಿ, ಗೊಬ್ಬರವಾದ ಮೇಲೆ ಬಿಲ್ವ, ತುಳಸಿಯ ಬುಡಕ್ಕೆ ಹಾಕೋಣ. ಹಣ್ಣುಕಾಯಿಯನ್ನು ಬಾಳೆ ಎಲೆಯಲ್ಲೋ ಬಟ್ಟೆ ಚೀಲದಲ್ಲೋ ತರೋಣ. ನಾವು ವ್ಯಾಪಾರಿಗಳೂ ತೊಟ್ಟೆಯಲ್ಲಿ ಕೊಡುವುದಿಲ್ಲವೆಂದು ಗಟ್ಟಿಯಾಗಿ ಹೇಳಬೇಕು. ಇದಕ್ಕೆ ಬ್ರಹ್ಮಕಲಶದಷ್ಟು ಖರ್ಚಿಲ್ಲ, ಮನಸ್ಸು ಬೇಕು ಅಷ್ಟೆ. ತಂತ್ರಿಗಳ ಅಪ್ಪಣೆ ಪಡೆದೇ ಮುಂದುವರಿಯೋಣ.